ಮಾಷ್ಟ್ರ ಒಸಡು: ಒಂದು ಪ್ರಕರಣ ಅಧ್ಯಯನ

ಇದನ್ನು ಬರೆಯಲಾ ಅಂತ ಕೇಳಿದಾಗ ಅವರು ಎರಡು ಷರತ್ತು ಹಾಕಿದರು. ಹೆಸರು, ಊರು ಹಾಕಬಾರದು. ಕಾಗುಣಿತ ತಪ್ಪಬಾರದು. ಎರಡನೆಯ ಷರತ್ತಿಗೆ ಕಾರಣ ಇದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಕೈ ಹಿಡಿದು ಅ ಆ ತಿದ್ದಿಸಿದವರೇ ಅವರು. ಹಾಗಾಗಿ ಇಲ್ಲಿ ಅವರು ಬರೀ ಮಾಷ್ಟ್ರು. ನಾನು ಅವರ ಹಳೇ ವಿದ್ಯಾರ್ಥಿನಿ, ಈಗ ಹಲ್ಲಿನ ಡಾಕ್ಟರು.

ಮಾಷ್ಟ್ರಿಗೆ 61 ವರ್ಷ. ಕೇರಳದಲ್ಲಿ 56ಕ್ಕೇ ನಿವೃತ್ತಿ ಅಲ್ವಾ, 2019ರಲ್ಲಿ ಶಾಲೆ ಬಿಟ್ಟರು. ಆಮೇಲೆ ಅಡಿಕೆ ತೋಟ. ಮಳೆಗಾಲದಲ್ಲಿ ತಾಳಮದ್ದಳೆ, ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಿನ್ನುತ್ತಾರೆ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಊಟ ಆದ ಮೇಲೆ ಎಲೆಅಡಿಕೆ ಬೇಕು. ಹೊಗೆಸೊಪ್ಪು ಮುಟ್ಟಿದವರಲ್ಲ.

2024ರ ಜುಲೈ. ಆಟಿಯ ಮಳೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬಂದರು. ಬಲ ಕೆನ್ನೆಯ ಕೆಳಭಾಗ ಸ್ವಲ್ಪ ಉಬ್ಬಿತ್ತು.

"ಮೂರು ದಿನ ಆಯ್ತು ಮಾರಾಯ್ತಿ. ಗಂಜಿ ಕುಡಿಯಲಿಕ್ಕೂ ಆಗುವುದಿಲ್ಲ. ಈ ಹಲ್ಲು ಬೇರೆ ಹಲ್ಲಿಗಿಂತ ಎತ್ತರ ಆದ ಹಾಗೆ ಆಗ್ತದೆ."

ಹಲ್ಲು ಎತ್ತರ ಆದ ಹಾಗೆ ಅನ್ನುವ ಮಾತು ನಮಗೆ ದೊಡ್ಡ ಸುಳಿವು. ಬೇರಿನ ಸುತ್ತ ಕೀವು ತುಂಬಿದಾಗ ಹಲ್ಲು ನಿಜವಾಗಿಯೂ ಕೂದಲೆಳೆಯಷ್ಟು ಮೇಲೆ ಬರುತ್ತದೆ. ಬಾಯಿ ಮುಚ್ಚಿದರೆ ಮೊದಲು ಅದೇ ತಾಗುತ್ತದೆ.

ಬರುವ ಮೊದಲು ಮನೆಯಲ್ಲಿ ಏನೇನು ಮಾಡಿದ್ದರು ಅಂತ ಕೇಳಿದೆ. ಮೊದಲ ದಿನ ಉಪ್ಪುನೀರು ಮುಕ್ಕಳಿಸಿದ್ದರು. ಒಳ್ಳೆಯದೇ. ಎರಡನೇ ದಿನ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಒಸಡಿನ ಮೇಲೆ ಇಟ್ಟು ಮಲಗಿದ್ದರು. ಬೆಳಗ್ಗೆ ಏಳುವಾಗ ಅಲ್ಲಿ ಬಿಳಿ ಸುಟ್ಟ ಗಾಯ. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಅನ್ನುವ ಅಂಶ ಇದೆ. ಅದು ಹಲ್ಲಿನ ತೂತಿನೊಳಗೆ ಹೋದರೆ ನರವನ್ನು ಸ್ವಲ್ಪ ಮರಗಟ್ಟಿಸುತ್ತದೆ. ಒಸಡಿನ ಮೇಲೆ ನೇರ ಇಟ್ಟರೆ ಸುಡುತ್ತದೆ. ಮೂರನೇ ದಿನ ಮೆಡಿಕಲ್‌ಗೆ ಹೋಗಿ ಆಂಟಿಬಯೋಟಿಕ್ ಕೇಳಿದ್ದಾರೆ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರಂತೆ. ಆ ವರ್ಷದ ಆರಂಭದಿಂದ ಕೇರಳದ ಔಷಧ ನಿಯಂತ್ರಣ ಇಲಾಖೆ ಆಪರೇಷನ್ ಅಮೃತ್ ಅಂತ ಶುರು ಮಾಡಿ, ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳನ್ನು ಹಿಡಿಯುತ್ತಿತ್ತು. ಆ ಅಂಗಡಿಯವರಿಗೆ ನನ್ನ ನಮಸ್ಕಾರ. ಆದರೆ ಮಾಷ್ಟ್ರು ಬಿಡಲಿಲ್ಲ. ಮನೆಯಲ್ಲಿ ಹೆಂಡತಿಗೆ ಹಿಂದೆ ಯಾವಾಗಲೋ ಕೊಟ್ಟ ಸ್ಟ್ರಿಪ್ಪಿನಲ್ಲಿ ಐದು ಕ್ಯಾಪ್ಸೂಲ್ ಉಳಿದಿತ್ತು. ಹುಡುಕಿ ನುಂಗಿದರು.

ಕುರ್ಚಿಯಲ್ಲಿ ಕೂರಿಸಿ ನೋಡಿದೆ. ಕೆಳಗಿನ ಬಲ ದವಡೆಯ ಮೊದಲ ದವಡೆಹಲ್ಲು. ಆರು ವರ್ಷಕ್ಕೆ ಬರುವ ಹಲ್ಲು ಇದು, ಬಾಯಿಯಲ್ಲಿ ಅತಿ ಜಾಸ್ತಿ ದುಡಿಯುವ ಹಲ್ಲು. ಹುಳುಕು ಇಲ್ಲ, ತೂತು ಇಲ್ಲ. ಒಸಡು ಮಾತ್ರ ಕೆಂಪು ದ್ರಾಕ್ಷಿ ಹಣ್ಣಿನ ಹಾಗೆ ಉಬ್ಬಿ ಹೊಳೆಯುತ್ತಿತ್ತು. ಮೆಲ್ಲಗೆ ಒತ್ತಿದರೆ ಹಲ್ಲಿನ ಅಂಚಿನಿಂದ ಕೀವು ಬಂತು.

ಕೀವು ಅಂದ ಕೂಡಲೇ ರೂಟ್ ಕೆನಾಲ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೀವಿಗೆ ಎರಡು ದಾರಿ ಇದೆ. ಒಂದು ಒಳಗಿನಿಂದ: ಹುಳುಕು ನರದವರೆಗೆ ಇಳಿದು, ನರ ಸತ್ತು, ಬೇರಿನ ತುದಿಯಲ್ಲಿ ಕೀವು ಕಟ್ಟುವುದು. ಇನ್ನೊಂದು ಹೊರಗಿನಿಂದ: ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆದ ಸಂದಿನಲ್ಲಿ ಕೀವು ಕಟ್ಟುವುದು. ಎರಡಕ್ಕೂ ಚಿಕಿತ್ಸೆ ಬೇರೆ. ಬೇರ್ಪಡಿಸುವ ಪರೀಕ್ಷೆ ಭಾರೀ ಸರಳ. ಐಸ್ ತುಂಡನ್ನು ಹಲ್ಲಿಗೆ ತಾಗಿಸುವುದು. ಮಾಷ್ಟ್ರು ಥಟ್ಟನೆ ಕೈ ಎತ್ತಿದರು. ಅಂದರೆ ನರ ಜೀವಂತ ಇದೆ. ಹಲ್ಲಿನ ಒಳಗೆ ತೊಂದರೆ ಇಲ್ಲ, ಹಲ್ಲನ್ನು ಹಿಡಿದುಕೊಂಡ ಜಾಗದಲ್ಲಿ ತೊಂದರೆ.

ಆಮೇಲೆ ಅಳತೆ ಕಡ್ಡಿ ತೆಗೆದೆ. ಪ್ರೋಬ್ ಅನ್ನುತ್ತೇವೆ. ತುದಿ ಮೊಂಡಾದ ತೆಳ್ಳಗಿನ ಕಡ್ಡಿ, ಮೈಮೇಲೆ ಮಿಲಿಮೀಟರ್ ಗೆರೆ. ಅದನ್ನು ಒಸಡು ಮತ್ತು ಹಲ್ಲಿನ ನಡುವೆ ಮೆಲ್ಲಗೆ ಇಳಿಸಬೇಕು. ಆರೋಗ್ಯದ ಒಸಡಿನಲ್ಲಿ ಅದು 1ರಿಂದ 3 ಮಿಲಿಮೀಟರ್ ಇಳಿದು ನಿಲ್ಲುತ್ತದೆ. ಜಾಸ್ತಿ ಇಳಿದರೆ ಅಲ್ಲೊಂದು ಕಿಸೆ ಆಗಿದೆ ಅಂತ ಅರ್ಥ. ಒಂದು ಹಲ್ಲಿಗೆ ಆರು ಕಡೆ ಅಳೆಯುತ್ತೇವೆ. ನಾನು ಹೇಳುತ್ತಾ ಹೋದೆ, ಸಹಾಯಕಿ ಬರೆದುಕೊಳ್ಳುತ್ತಾ ಹೋದಳು. ಐದು, ನಾಲ್ಕು, ಆರು. ನೋಯುವ ಹಲ್ಲಿಗೆ ಬಂದಾಗ ಕಡ್ಡಿ ಇಳಿಯುತ್ತಲೇ ಹೋಯಿತು. ಒಂಬತ್ತು.

ಮಾಷ್ಟ್ರು ಬಾಯಿ ತೆರೆದುಕೊಂಡೇ ಏನೋ ಅಂದರು. ಕಡ್ಡಿ ತೆಗೆದೆ.

"ಎಷ್ಟರಲ್ಲಿ ಒಂಬತ್ತು?"

"ಇಲ್ಲಿ ಮೂರಕ್ಕೇ ಪಾಸು ಮಾಷ್ಟ್ರೇ. ಮೇಲೆ ಹೋದರೆ ಫೇಲು."

ಅವರ ಬಾಯಿಯಲ್ಲಿ 27 ಹಲ್ಲು ಇತ್ತು. ಅಳೆದ 162 ಜಾಗದಲ್ಲಿ 118 ಕಡೆ ಕಡ್ಡಿ ತಾಗಿದ ಕೂಡಲೇ ರಕ್ತ ಬಂತು. 64 ಕಡೆ ನಾಲ್ಕು ಮಿಲಿಮೀಟರಿಗಿಂತ ಆಳ. ನೋಯುತ್ತಿದ್ದ ಹಲ್ಲು ಎಲ್ಲ ಕಡೆಗೂ ಅಲ್ಲಾಡುತ್ತಿತ್ತು, ಒತ್ತಿದರೆ ಕೆಳಕ್ಕೂ ಇಳಿಯುತ್ತಿತ್ತು. ಎಕ್ಸ್‌ರೇಯಲ್ಲಿ ಅದರ ಎರಡು ಬೇರುಗಳ ನಡುವಿನ ಎಲುಬು ಕರಗಿ ಕಪ್ಪಾಗಿ ಕಂಡಿತು. ಮೇಲಿನ ಮುಂದಿನ ಎರಡು ಹಲ್ಲು ಬೀಸಣಿಗೆ ಬಿಚ್ಚಿದ ಹಾಗೆ ಮುಂದೆ ಬಂದು ನಡುವೆ ಸಂದು ಬಿಟ್ಟಿತ್ತು.

"ಇದು ಯಾವಾಗಿನಿಂದ?" ಅಂತ ಕೇಳಿದೆ.

"ಆ ಸಂದಾ? ಎರಡು ಮೂರು ವರ್ಷದಿಂದ. ವಯಸ್ಸಾಯ್ತಲ್ಲ."

ನಾನು ಮನೆಗೆ ಹೋಗಿ ಮಲಗಿದ ಮೇಲೂ ತಲೆಯಲ್ಲಿ ಉಳಿದದ್ದು ಅದೇ ಉತ್ತರ. ವಯಸ್ಸಾದರೆ ಹಲ್ಲು ಅಲ್ಲಾಡುತ್ತದೆ, ಬೀಳುತ್ತದೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ವಯಸ್ಸು ಹಲ್ಲನ್ನು ಉದುರಿಸುವುದಿಲ್ಲ. ವರ್ಷಗಟ್ಟಲೆ ನಡೆದ ಒಸಡಿನ ರೋಗ ಉದುರಿಸುತ್ತದೆ. ಅದಕ್ಕೆ ವರ್ಷ ಬೇಕಾಗುವುದರಿಂದ ವಯಸ್ಸಾದವರಲ್ಲಿ ಜಾಸ್ತಿ ಕಾಣುತ್ತದೆ, ಅಷ್ಟೇ.

ಮಾಷ್ಟ್ರ ಬೆರಳು ಚುಚ್ಚಿ ಸಕ್ಕರೆ ನೋಡಿದೆ. 287. "ಮಾತ್ರೆ ತಿನ್ತೇನಲ್ಲ" ಅಂದರು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದ್ದು ಯಾವಾಗ ಅಂದರೆ ನೆನಪಿಲ್ಲ. ಮಾರನೇ ದಿನ ಬಂದ ಎಚ್‌ಬಿಎ1ಸಿ ವರದಿಯಲ್ಲಿ 9.4 ಅಂತ ಇತ್ತು. ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ, ಹಿಂದಿನ ರಾತ್ರಿ ಪಾಯಸ ಬಿಟ್ಟು ಮೋಸ ಮಾಡಲು ಆಗುವುದಿಲ್ಲ. 2018ರಿಂದ ನಾವು ಬಳಸುವ ಒಸಡಿನ ರೋಗದ ವರ್ಗೀಕರಣದಲ್ಲಿ ನಾಲ್ಕು ಹಂತ, ಮೂರು ಶ್ರೇಣಿ ಇದೆ. ಸಕ್ಕರೆ ಕಾಯಿಲೆ ಇದ್ದು ಈ ಸಂಖ್ಯೆ 7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ರೋಗ ಬೇಗ ಏರುವ ಸಿ ಶ್ರೇಣಿಗೆ ಹಾಕುತ್ತೇವೆ. ನಾನು ಬರೆದದ್ದು: ಮೂರನೇ ಹಂತ, ಸಿ ಶ್ರೇಣಿ, ಬಲ ದವಡೆಹಲ್ಲಿನಲ್ಲಿ ಒಸಡಿನ ಕೀವುಗಡ್ಡೆ.

ಸಕ್ಕರೆಗೂ ಒಸಡಿಗೂ ಇರುವ ಸಂಬಂಧ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಒಸಡು ಸೋಂಕಿನ ಜೊತೆ ಹೋರಾಡುವುದು ಕಷ್ಟ, ಗಾಯ ಮಾಯುವುದು ನಿಧಾನ. ಒಸಡಿನಲ್ಲಿ ಸದಾ ಉರಿಯೂತ ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಕ್ಕರೆ ಇಳಿಯುವುದಿಲ್ಲ. ಒಸಡಿನಲ್ಲಿ ಮತ್ತೆ ಮತ್ತೆ ಬೇರೆ ಬೇರೆ ಕಡೆ ಕೀವು ಕಟ್ಟುತ್ತಿದ್ದರೆ, ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತೇ ಇಲ್ಲದವರೂ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಆ ದಿನ ಮಾಡಿದ ಕೆಲಸ ಸಣ್ಣದು. ಮರಗಟ್ಟಿಸಿ, ಕಿಸೆಯ ಮೂಲಕವೇ ಕೀವು ಇಳಿಸಿ, ಒಳಗೆ ಸಿಕ್ಕಿಕೊಂಡಿದ್ದ ಗಾರೆ, ಅಂದರೆ ಹಲ್ಲಿಗೆ ಕಲ್ಲಿನ ಹಾಗೆ ಅಂಟಿದ ಕೊಳೆ, ತೆಗೆದು ತೊಳೆದೆ. ಅರ್ಧ ಗಂಟೆಯಲ್ಲಿ ನೋವು ಮುಕ್ಕಾಲು ಭಾಗ ಇಳಿಯಿತು. ಬೇರೆಯವರಾಗಿದ್ದರೆ ಇಷ್ಟೇ ಸಾಕು, ಆಂಟಿಬಯೋಟಿಕ್ ಬರೆಯುತ್ತಲೇ ಇರಲಿಲ್ಲ. ಕೀವು ಹೊರಗೆ ಹೋಗುವುದೇ ಮದ್ದು. ಇವರಿಗೆ ಸಕ್ಕರೆ ಇಷ್ಟು ಮೇಲೆ, ದವಡೆಯ ಅಡಿಯ ಗಂಟು ಕೈಗೆ ಸಿಗುತ್ತಿತ್ತು. ಅದಕ್ಕೇ ಬರೆದೆ, ಪೂರ್ತಿ ಮುಗಿಸಬೇಕು ಅಂತ ಎರಡು ಸಲ ಹೇಳಿದೆ. ಇನ್ನೊಂದು ಮಾತೂ ಹೇಳಿ ಕಳಿಸಿದೆ: ಬಾವು ಕುತ್ತಿಗೆಗೆ ಇಳಿದರೆ, ನುಂಗಲು ಕಷ್ಟ ಆದರೆ, ಬಾಯಿ ತೆರೆಯಲು ಆಗದಿದ್ದರೆ, ಚಳಿಜ್ವರ ಬಂದರೆ ನನ್ನನ್ನು ಕಾಯಬೇಡಿ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಕೀವು ನಾಲಗೆಯ ಅಡಿಗೆ ಹರಡಿದರೆ ಉಸಿರೇ ಕಟ್ಟಬಹುದು.

ಇನ್ನು ನನ್ನ ತಪ್ಪಿನ ವಿಷಯ.

ಮಾಷ್ಟ್ರು 2022ರಲ್ಲೂ ನನ್ನ ಹತ್ತಿರ ಬಂದಿದ್ದರು. ತಣ್ಣೀರು ಕುಡಿದರೆ ಜುಂ ಅನ್ನುತ್ತದೆ ಅಂತ. ನೋಡಿದರೆ ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಕತ್ತಿಯಲ್ಲಿ ಕಚ್ಚು ಹಾಕಿದ ಹಾಗೆ ಗುರುತು. ಯೌವನದಲ್ಲಿ ಉಮಿಕರಿ (ಭತ್ತದ ಹೊಟ್ಟು ಸುಟ್ಟ ಕರಿ) ಮತ್ತು ಉಪ್ಪು, ಆಮೇಲೆ ಗಟ್ಟಿ ಬ್ರಶ್ಶಿನಲ್ಲಿ ಅಡ್ಡಡ್ಡ ಉಜ್ಜುವುದು. ಉಮಿಕರಿ ಹಲ್ಲನ್ನು ಬಿಳಿ ಮಾಡುವುದು ನಿಜ, ಸವೆಸಿ ಬಿಳಿ ಮಾಡುತ್ತದೆ. ನಾನು ನಾಲ್ಕು ಕಚ್ಚು ತುಂಬಿಸಿ ಕಳಿಸಿದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಗಾರೆ ಕಟ್ಟಿದ್ದು ಕಣ್ಣಿಗೆ ಬಿದ್ದಿತ್ತು. "ಒಮ್ಮೆ ಕ್ಲೀನಿಂಗ್ ಮಾಡಿಸಿ ಮಾಷ್ಟ್ರೇ" ಅಂದೆ. "ಕೊಯ್ಲು ಮುಗಿಯಲಿ" ಅಂದರು. ಸರಿ ಅಂದುಬಿಟ್ಟೆ. ಅಳತೆ ಕಡ್ಡಿ ತೆಗೆಯಲಿಲ್ಲ. ಎಕ್ಸ್‌ರೇ ಮಾಡಲಿಲ್ಲ. ಸಕ್ಕರೆ ಎಷ್ಟಿದೆ ಅಂತ ಕೇಳಲಿಲ್ಲ. ಅವರ ಎದುರು ನಿಂತರೆ ನನಗೆ ಇನ್ನೂ ಆರು ವರ್ಷ. ಬಾಯಿ ತೆರೆಸಿ ಗದರಿಸುವ ಧೈರ್ಯ ಬರಲಿಲ್ಲ. ಅದು ವಿನಯ ಅಲ್ಲ, ಸೋಮಾರಿತನ. ಆ ದಿನ ಐದು ನಿಮಿಷ ಅಳೆದಿದ್ದರೆ ಕಿಸೆ ಒಂಬತ್ತಕ್ಕೆ ಮೊದಲೇ ಸಿಗುತ್ತಿತ್ತು.

ಅದಕ್ಕೂ ಹಿಂದಿನ ಕತೆ ಇದೆ. ಶಾಲೆಯಲ್ಲಿದ್ದಾಗಿನಿಂದಲೂ ಅವರು ಆರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಹಲ್ಲು ಕ್ಲೀನ್ ಮಾಡಿಸುತ್ತಿದ್ದರಂತೆ. ನಮಗೆ ಇಲ್ಲಿ ಯಾವ ಕಾಯಿಲೆಗೂ ಮಂಗಳೂರೇ ಹತ್ತಿರ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದು, ರಸ್ತೆಗೆ ಮಣ್ಣು ಸುರಿದದ್ದು, ರೋಗಿಗಳು ಆಚೆ ಹೋಗಲಾಗದೆ ಒದ್ದಾಡಿದ್ದು ಇಲ್ಲಿ ಯಾರೂ ಮರೆತಿಲ್ಲ. ಮಾಷ್ಟ್ರ ಆ ಏಪ್ರಿಲಿನ ಭೇಟಿ ತಪ್ಪಿತು. ಗಡಿ ತೆರೆದ ಮೇಲೂ ಅಭ್ಯಾಸ ವಾಪಸು ಬರಲಿಲ್ಲ. ನೋವೇ ಇಲ್ಲದಿದ್ದರೆ ಯಾಕೆ ಹೋಗುವುದು?

ನೋವು ಇಲ್ಲದ್ದೇ ಈ ರೋಗದ ಗುಣ. ಹಲ್ಲುಜ್ಜಿದ ಕೆಲವೇ ಗಂಟೆಯಲ್ಲಿ ಹಲ್ಲಿನ ಮೇಲೆ ಅಂಟು ಪಾಚಿ ಕೂರಲು ಶುರುವಾಗುತ್ತದೆ. ಸಂಜೆ ನಾಲಗೆ ಆಡಿಸಿದರೆ ಲೋಳೆ ಲೋಳೆ ಅನ್ನಿಸುತ್ತದಲ್ಲ, ಅದೇ. ಬ್ಯಾಕ್ಟೀರಿಯಾದ ಕಟ್ಟು ಅದು. ಬ್ರಶ್ ತಾಗದ ಕಡೆ ಉಳಿದದ್ದಕ್ಕೆ ಜೊಲ್ಲಿನ ಸುಣ್ಣದ ಅಂಶ ಸೇರಿ ಗಾರೆಯಾಗುತ್ತದೆ. ಗಾರೆ ಆದ ಮೇಲೆ ಯಾವ ಬ್ರಶ್ಶಿಗೂ, ಪೇಸ್ಟಿಗೂ ಜಗ್ಗುವುದಿಲ್ಲ. ಒಸಡು ಊದುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಸರಿಮಾಡಿದರೆ ಒಸಡು ಪೂರ್ತಿ ಮೊದಲಿನಂತಾಗುತ್ತದೆ. ಆದರೆ ರಕ್ತ ಬಂತು ಅಂತ ನಮ್ಮ ಜನ ಉಜ್ಜುವುದನ್ನೇ ಕಡಿಮೆ ಮಾಡುತ್ತಾರೆ. ಅಲ್ಲಿಂದ ಮುಂದೆ ಒಸಡು ಹಲ್ಲು ಬಿಟ್ಟುಕೊಡುತ್ತದೆ, ಕಿಸೆ ಆಗುತ್ತದೆ, ಅಡಿಯ ಎಲುಬು ಕರಗುತ್ತದೆ. ಹಾಗೆ ಹೋದ ಎಲುಬು ತನ್ನಷ್ಟಕ್ಕೆ ಹಿಂದೆ ಬರುವುದಿಲ್ಲ.

ಎಕ್ಸ್‌ರೇ ತೋರಿಸಿ ಇದನ್ನು ವಿವರಿಸಿದಾಗ ಮಾಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು.

"ಬೇರುಹುಳ."

"ಏನು?"

"ಅಡಿಕೆ ಮರಕ್ಕೆ ಬೇರುಹುಳ ಬಿದ್ದ ಹಾಗೆ. ಮೇಲೆ ನೋಡಿದರೆ ಮರ ಉಂಟು. ಸೋಗೆ ಸ್ವಲ್ಪ ಹಳದಿ. ಗೊಬ್ಬರ ಕಡಿಮೆ ಆಯ್ತು ಅಂತ ನಾವು ಅಂದುಕೊಳ್ಳುವುದು. ಗಾಳಿಗೆ ವಾಲಿದ ಮೇಲೆ ಬುಡ ಬಿಡಿಸಿದರೆ ಬೇರೇ ಇಲ್ಲ."

ಸಣ್ಣ ತಿದ್ದುಪಡಿ ಮಾಡಿದೆ. ಇಲ್ಲಿ ಬೇರು ಹಾಗೇ ಇರುತ್ತದೆ, ಸುತ್ತಲಿನ ಮಣ್ಣು ಹೋಗುತ್ತದೆ. ಶಿಷ್ಯೆಗೆ ಮಾಷ್ಟ್ರನ್ನು ತಿದ್ದುವ ಅವಕಾಶ ದಿನಾ ಸಿಗುವುದಿಲ್ಲ. ಆದರೆ ಅಂದಿನಿಂದ ನಾನೂ ರೋಗಿಗಳಿಗೆ ಬೇರುಹುಳ ಅಂತಲೇ ಹೇಳುತ್ತೇನೆ. ತೋಟ ಇದ್ದವರಿಗೆ ಮತ್ತೆ ವಿವರಿಸುವ ಕೆಲಸ ಇಲ್ಲ.

ಅಡಿಕೆಯ ಮಾತು ಬಂದದ್ದರಿಂದ ಅದನ್ನೂ ಮುಗಿಸುತ್ತೇನೆ. ಅಡಿಕೆಯಿಂದಲೇ ಮನೆ ನಡೆಯುವ ಊರಿನಲ್ಲಿ ಕುಳಿತು ಅಡಿಕೆ ಜಗಿಯಬೇಡಿ ಅನ್ನುವುದು ಮುಜುಗರದ ಕೆಲಸ. ನನ್ನ ಕಾಲೇಜು ಫೀಸೂ ಅದೇ ದುಡ್ಡು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ, ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಹಾಕುವುದಿಲ್ಲ, ಹಾಗಾಗಿ ತೊಂದರೆ ಇಲ್ಲ ಅನ್ನುವ ವಾದ ನಿಲ್ಲುವುದಿಲ್ಲ. ಜಾಸ್ತಿ ಜಗಿಯುವವರಲ್ಲಿ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ಕ್ರಮೇಣ ಬಿಗಿಯುತ್ತದೆ. ಖಾರ ಮುಟ್ಟಿದರೆ ಉರಿ, ಆಮೇಲೆ ಬಾಯಿ ತೆರೆಯುವುದೇ ಕಷ್ಟ. ನಿಮ್ಮದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ತೋರಿಸಿ. ಮೂರು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೂ ಹಾಗೇ. ಮಾಷ್ಟ್ರ ಬಾಯಿ 41 ಮಿಲಿಮೀಟರ್ ತೆರೆಯಿತು, ಮಚ್ಚೆ ಇಲ್ಲ. ಎಲೆ ತಟ್ಟೆ ಬಿಡುತ್ತೇನೆ ಅಂತ ಅವರು ಹೇಳಲಿಲ್ಲ. ದಿನಕ್ಕೆ ನಾಲ್ಕು ಇದ್ದದ್ದು ಒಂದಕ್ಕೆ ಇಳಿದಿದೆ ಅನ್ನುತ್ತಾರೆ. ನಾನು ಪೂರ್ತಿ ನಂಬಿಲ್ಲ.

ಮುಂದಿನ ಹೆಜ್ಜೆ ಸಕ್ಕರೆ. ಕುಟುಂಬ ಆರೋಗ್ಯ ಕೇಂದ್ರದ ಡಾಕ್ಟರಿಗೆ ಒಂದು ಚೀಟಿ ಬರೆದೆ. ಅವರು ಮಾತ್ರೆ ಬದಲಾಯಿಸಿದರು. ಎರಡು ವಾರ ಕಳೆದು ಬಂದಾಗ ತಿಂಡಿ ತಿಂದ ಮೇಲೆ 172 ಇತ್ತು. ಇನ್ನು ಆ ದವಡೆಹಲ್ಲು ತೆಗೆಯಬಹುದು.

ಅಲ್ಲಿ ಜಗ್ಗಾಟ ಶುರುವಾಯಿತು. ಹಲ್ಲು ಉಳಿಸಲು ಆಗುವುದಿಲ್ಲವಾ? ಆಗುವುದಿಲ್ಲ, ಹಿಡಿದುಕೊಳ್ಳಲು ಎಲುಬೇ ಇಲ್ಲ. ಹಲ್ಲು ತೆಗೆದರೆ ಕಣ್ಣು ಮಂಜಾಗುತ್ತದಂತೆ? ನಾಲ್ಕನೇ ಕ್ಲಾಸಿನಲ್ಲಿ ಗ್ರಹಣಕ್ಕೆ ರಾಹು ಕಾರಣ ಅಲ್ಲ ಅಂತ ಕಲಿಸಿದವರು ಇವರೇ! ಹಲ್ಲಿನ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಹಲ್ಲು ಕೀಳಿಸುವ ವಯಸ್ಸು, ಕಣ್ಣಿಗೆ ಪೊರೆ ಬರುವ ವಯಸ್ಸು ಒಂದೇ ಆದದ್ದರಿಂದ ಒಂದರ ತಪ್ಪು ಇನ್ನೊಂದರ ತಲೆಗೆ ಬಂದಿದೆ. ಸಕ್ಕರೆ ಜಾಸ್ತಿ ಇದ್ದರೆ ಕಣ್ಣಿಗೆ ಹಾನಿ ಆಗುವುದು ಮಾತ್ರ ಸತ್ಯ, ಅದಕ್ಕೆ ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಅಂದೆ. ಹಲ್ಲು ತೆಗೆಯಲು ಎರಡು ನಿಮಿಷ ಹಿಡಿಯಿತು. ಬೆಳಗಿನ ಹೊತ್ತು, ತಿಂಡಿ ತಿಂದು, ಮಾತ್ರೆ ತಗೊಂಡೇ ಬರಬೇಕು ಅಂತ ಮೊದಲೇ ಹೇಳಿದ್ದೆ. ಸಕ್ಕರೆ ಕಾಯಿಲೆಯವರು ಹಲ್ಲು ತೆಗೆಸಲು ಖಾಲಿ ಹೊಟ್ಟೆಯಲ್ಲಿ ಬಂದು ತಲೆ ತಿರುಗಿ ಬೀಳುವುದು ನಮ್ಮಲ್ಲಿ ಮಾಮೂಲು.

ಉಳಿದ 26 ಹಲ್ಲುಗಳಿಗೆ ಆಳದ ಕ್ಲೀನಿಂಗ್. ಮೇಲೆ ಕಾಣುವ ಗಾರೆ ಮಾತ್ರ ಅಲ್ಲ, ಒಸಡಿನ ಅಡಿಯಲ್ಲಿ ಬೇರಿಗೆ ಅಂಟಿದ್ದನ್ನೂ ಕೆರೆದು ನಯ ಮಾಡಬೇಕು. ಮರಗಟ್ಟಿಸಿ ಅರ್ಧ ಬಾಯಿ ಒಂದು ದಿನ, ಇನ್ನರ್ಧ ವಾರ ಬಿಟ್ಟು. ಮೊದಲ ದಿನದ ನಂತರ ಅವರ ಮನೆಯವರು ಫೋನ್ ಮಾಡಿದರು. "ಹಲ್ಲು ಮೊದಲಿಗಿಂತ ಅಲ್ಲಾಡ್ತದಂತೆ, ಸಂದು ದೊಡ್ಡ ಆಗಿದೆಯಂತೆ. ಕ್ಲೀನ್ ಮಾಡಿಸಿದ್ದೇ ತಪ್ಪಾಯ್ತು ಅಂತಾರೆ." ಈ ದೂರು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಸಂದಿನಲ್ಲಿ ಸಿಮೆಂಟಿನ ಹಾಗೆ ಕೂತಿದ್ದ ಗಾರೆ ಹೋಯಿತು, ಊದಿದ ಒಸಡು ಇಳಿಯಿತು. ಅಡಗಿದ್ದ ಸಂದು ಈಗ ಕಾಣುತ್ತಿದೆ. ಗಾರೆಯೇ ಹಲ್ಲನ್ನು ಹಿಡಿದು ನಿಲ್ಲಿಸಿತ್ತು ಅಂದರೆ ಒಳಗಿನ ಸ್ಥಿತಿ ಏನಿರಬೇಕು? ಕೆಲವು ವಾರದಲ್ಲಿ ಒಸಡು ಬಿಗಿಯುತ್ತದೆ, ಅಲ್ಲಾಡುವುದು ಕಡಿಮೆಯಾಗುತ್ತದೆ. ಜುಂ ಅನ್ನುವುದು ಸ್ವಲ್ಪ ದಿನ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಎರಡನೇ ಸಲ ಬರುವುದಿಲ್ಲ. ನಾನು ಹೇಳಿದ್ದೆ. ಮಾಷ್ಟ್ರು ಮನೆಯಲ್ಲಿ ಹೇಳಿರಲಿಲ್ಲ.

ಕ್ಲೋರ್‌ಹೆಕ್ಸಿಡಿನ್ ಅನ್ನುವ ಬಾಯಿ ಮುಕ್ಕಳಿಸುವ ಔಷಧ ಎರಡು ವಾರಕ್ಕೆ ಮಾತ್ರ ಕೊಟ್ಟೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಇದರಲ್ಲಿ ಮುಕ್ಕಳಿಸಬಾರದು, ಅರ್ಧ ಗಂಟೆ ಬಿಡಬೇಕು.

ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ ಉಜ್ಜುವುದು ಸರಿಯಾಗದಿದ್ದರೆ ಆರು ತಿಂಗಳಲ್ಲಿ ಎಲ್ಲ ಮೊದಲಿನಂತೆ. ಮಾಷ್ಟ್ರ ವಾದ ಏನೆಂದರೆ, ಅವರು ದಿನಾ ಹತ್ತು ನಿಮಿಷ ಉಜ್ಜುತ್ತಾರೆ. ಉಜ್ಜಿ ಬನ್ನಿ ಅಂದೆ. ಉಜ್ಜಿ ಬಂದರು. ಹಲ್ಲಿಗೆ ಬಣ್ಣದ ದ್ರಾವಣ ಹಚ್ಚಿ ಮುಕ್ಕಳಿಸಲು ಹೇಳಿದೆ. ಪಾಚಿ ಇರುವ ಕಡೆ ಮಾತ್ರ ಬಣ್ಣ ನಿಲ್ಲುತ್ತದೆ. ಕೈಕನ್ನಡಿ ಕೊಟ್ಟೆ. ಹಲ್ಲಿನ ನಡು ಭಾಗ ಬೆಳ್ಳಗೆ, ಥಳಥಳ. ಒಸಡಿನ ಅಂಚಿಗೆ ಪ್ರತಿ ಹಲ್ಲಿಗೂ ಒಂದು ಕೆಂಪು ಗೆರೆ. ಸಂದಿಸಂದಿಯಲ್ಲಿ ಕೆಂಪು ಚುಕ್ಕೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ಪೂರ್ತಿ ಕೆಂಪು. ಅವರು ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, ತುಟಿಯನ್ನು ಬೆರಳಿನಲ್ಲಿ ಎಳೆದು, ಒಂದೊಂದೇ ಹಲ್ಲು ನೋಡಿದರು. ನನ್ನ ಕಾಪಿ ಪುಸ್ತಕವನ್ನು ಹೀಗೇ ನೋಡುತ್ತಿದ್ದರು.

"ನಾನು ಹಾಕ್ತಿದ್ದ ಕೆಂಪು ಶಾಯಿ ಎಲ್ಲ ವಾಪಸು ಕೊಟ್ಟಿಯಲ್ಲ ಮಾರಾಯ್ತಿ" ಅಂದರು.

ಅಲ್ಲೇ ಕನ್ನಡಿ ಮುಂದೆ ಕೂರಿಸಿ ಮತ್ತೆ ಕಲಿಸಿದೆ. ಮೆತ್ತನೆಯ ಬ್ರಶ್. ಪೆನ್ನು ಹಿಡಿದ ಹಾಗೆ ಹಿಡಿಯಬೇಕು, ಹಿಡಿಸೂಡಿ ಹಿಡಿದ ಹಾಗಲ್ಲ. ನಾರುಗಳು ಅರ್ಧ ಒಸಡಿಗೆ, ಅರ್ಧ ಹಲ್ಲಿಗೆ ತಾಗುವಂತೆ ಓರೆ ಮಾಡಿ, ಇದ್ದಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಮುಂದಿನ ಎರಡು ಹಲ್ಲಿಗೆ ಹೋಗಬೇಕು. ಎರಡು ಮೂರು ನಿಮಿಷ ಸಾಕು. ರಾತ್ರಿ ಮಲಗುವ ಮೊದಲಿನದ್ದು ತಪ್ಪಲೇಬಾರದು, ನಿದ್ರೆಯಲ್ಲಿ ಜೊಲ್ಲು ಕಡಿಮೆ, ಬಾಯಿ ತನ್ನನ್ನು ತಾನು ತೊಳೆದುಕೊಳ್ಳುವುದಿಲ್ಲ. ಫ್ಲೋರೈಡ್ ಇರುವ ಪೇಸ್ಟ್. ಉಗಿದು ಬಿಡುವುದು, ಲೋಟಗಟ್ಟಲೆ ನೀರು ಹಾಕಿ ತೊಳೆಯಬಾರದು, ಸ್ವಲ್ಪ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ. ರಕ್ತ ಬಂದರೆ ಬಿಡಬೇಡಿ, ಅಲ್ಲೇ ಇನ್ನೂ ಮೆಲ್ಲಗೆ ಉಜ್ಜಿ. ಸಂದಿಗೆ ಬಾಟಲಿ ಬ್ರಶ್ಶಿನ ಮರಿಯ ಹಾಗಿರುವ ಇಂಟರ್‌ಡೆಂಟಲ್ ಬ್ರಶ್ ಕೊಟ್ಟೆ. ಅವರ ಅಂಗಿಯ ಕಿಸೆಯಲ್ಲಿ ಸದಾ ಒಂದು ಹಿಡಿಸೂಡಿ ಕಡ್ಡಿ ಇರುತ್ತಿತ್ತು, ಮಾವಿನ ನಾರು, ಅಡಿಕೆ ಚೂರು ತೆಗೆಯಲು. ಒಸಡಿಗೆ ಚುಚ್ಚಿ ಚುಚ್ಚಿ ಗಾಯ ಮಾಡಿದ್ದ ಕಡ್ಡಿ ಅದು. ನನ್ನ ಕಸದ ಬುಟ್ಟಿಗೆ ಹೋಯಿತು. ಮನೆಯಲ್ಲಿ ಇಡೀ ಹಿಡಿಸೂಡಿ ಉಂಟಲ್ಲ ಅಂತ ನೆನಪಾದದ್ದು ಆಮೇಲೆ.

ನಿಜ ಹೇಳಬೇಕೆಂದರೆ ಅವರನ್ನು ದಾರಿಗೆ ತಂದದ್ದು ನನ್ನ ಉಪದೇಶ ಅಲ್ಲ, ತಾಳಮದ್ದಳೆ. ಮುಂದಿನ ಹಲ್ಲಿನ ಸಂದಿನಿಂದ ಗಾಳಿ ಹೋಗಿ ಸಕಾರ ಶಕಾರ ಎರಡೂ ಸೀಟಿ ಹೊಡೆಯುತ್ತಿತ್ತು. ವಿದುರನ ಅರ್ಥ ಹೇಳುವಾಗ ಎದುರಿನ ಅರ್ಥಧಾರಿ ತುಂಟತನದಿಂದ ಅದನ್ನೇ ಹಿಡಿದು ಮಾತು ಬೆಳೆಸಿದರಂತೆ. ಸಭೆ ನಕ್ಕಿತಂತೆ. ಕನ್ನಡ ಮಾಷ್ಟ್ರಿಗೆ ಅದಕ್ಕಿಂತ ದೊಡ್ಡ ನೋವು ಬೇಕಾ? ಆ ಎರಡು ಹಲ್ಲು ಉಳಿಸಿಕೊಡು ಅಂದರು. ಒಸಡು ಹತೋಟಿಗೆ ಬಂದ ಮೇಲೆ ಹಿಂದಿನಿಂದ ತೆಳು ತಂತಿ ಅಂಟಿಸಿ ಅಕ್ಕಪಕ್ಕದ ಹಲ್ಲಿಗೆ ಕಟ್ಟಿದೆ, ಸಂದಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿ ಕಿರಿದು ಮಾಡಿದೆ. ಸೀಟಿ ಪೂರ್ತಿ ಹೋಗಿಲ್ಲ, ತುಂಬಾ ಕಡಿಮೆಯಾಗಿದೆ.

ನಡುವೆ ಒಂದು ಸಲ ಮೊಮ್ಮಗನನ್ನೂ ಕರೆತಂದರು. ಏಳು ವರ್ಷದ ಹುಡುಗ. ಹಿಂದಿನ ಹಲ್ಲಿನಲ್ಲಿ ಕಪ್ಪು. "ಹಾಲುಹಲ್ಲು, ಬೀಳ್ತದಲ್ಲ" ಅಂತ ಮನೆಯಲ್ಲಿ ಬಿಟ್ಟಿದ್ದರು. ಅದು ಹಾಲುಹಲ್ಲು ಅಲ್ಲ, ಆರು ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಹೊಸದಾಗಿ ಬಂದ ಶಾಶ್ವತ ದವಡೆಹಲ್ಲು, ಅಜ್ಜ ಕಳೆದುಕೊಂಡ ಅದೇ ಹಲ್ಲು. ಏನೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ತುಂಬಿಸಿದೆ, ಅಂಥ ಉಳಿದ ಮೂರು ಹಲ್ಲಿಗೆ ಸೀಲಂಟ್, ಅಂದರೆ ಗೀರು ಮುಚ್ಚುವ ತೆಳು ಲೇಪ, ಹಾಕಿದೆ.

ಮೂರು ತಿಂಗಳ ಲೆಕ್ಕ ಹೀಗಿದೆ. 156 ಜಾಗದಲ್ಲಿ ರಕ್ತ ಬಂದದ್ದು 31 ಕಡೆ. ನಾಲ್ಕು ಮಿಲಿಮೀಟರಿಗಿಂತ ಆಳದ ಕಿಸೆ 64ರಿಂದ 19ಕ್ಕೆ ಇಳಿದಿದೆ. ಎಚ್‌ಬಿಎ1ಸಿ 7.6. ಇದನ್ನು ನನ್ನ ಚಿಕಿತ್ಸೆಯ ಮಹಿಮೆ ಅಂತ ಹೇಳಿಕೊಳ್ಳುವ ಆಸೆ ಇದೆ, ಆದರೆ ಹೆಚ್ಚಿನ ಪಾಲು ಹೊಸ ಮಾತ್ರೆಯದ್ದು. ಒಸಡಿನ ಚಿಕಿತ್ಸೆಯಿಂದ ಸಾಮಾನ್ಯವಾಗಿ ಇಳಿಯುವುದು 0.4ರ ಆಸುಪಾಸು. ಕಡಿಮೆ ಅನ್ನಿಸಬಹುದು. ಒಂದು ಮಾತ್ರೆ ಹೆಚ್ಚಿಸುವುದಕ್ಕಿಂತ ಹಲ್ಲು ಕ್ಲೀನ್ ಮಾಡಿಸುವುದು ನನ್ನ ಲೆಕ್ಕದಲ್ಲಿ ಒಳ್ಳೆಯ ವ್ಯಾಪಾರ.

ತೆಗೆದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಎಲುಬಿಗೆ ಕೂರಿಸುವ ಕೃತಕ ಹಲ್ಲು) ಹಾಕುವಾ ಅಂತ ಮಗ ಬೆಂಗಳೂರಿನಿಂದ ಕೇಳಿದ. ಈಗ ಬೇಡ ಅಂದೆ. ಹಲ್ಲನ್ನೇ ಬೀಳಿಸಿದ ಸೋಂಕು ಇಂಪ್ಲಾಂಟನ್ನೂ ಬಿಡುವುದಿಲ್ಲ. ಒಂದು ವರ್ಷ ಸಕ್ಕರೆ, ಒಸಡು ಎರಡೂ ಹದದಲ್ಲಿ ನಿಂತರೆ ನೋಡುವಾ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಬರಬೇಕು, ಆರಕ್ಕಲ್ಲ.

ಮೊನ್ನೆ ಬಂದಾಗ ಎಡಬದಿಯ ಮೇಲಿನ ಕೊನೇ ದವಡೆಹಲ್ಲಿನಲ್ಲಿ ಇನ್ನೂ ಆರು ಮಿಲಿಮೀಟರ್ ಇಳಿಯಿತು. ಬೇರು ಕವಲೊಡೆಯುವ ಜಾಗ, ಬ್ರಶ್ ತಾಗುವುದಿಲ್ಲ. ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡಬೇಕಾದೀತು ಅಂದೆ.

"ಅದಾ? ಅದು ನೋಯುವುದೇ ಇಲ್ಲ" ಅಂದವರು, ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ ಡೈರಿ ತೆಗೆದು ಕೇಳಿದರು. "ಯಾವತ್ತು ಬರಲಿ?"